ಎಲೆಗೆ ಮುಂಚೆ ಹೂವಾಗುವ ಗಿಡ

ಶಿವರಾತ್ರಿಯ ಆಸುಪಾಸಿನಲ್ಲಿ ಹುಬ್ಬಳ್ಳಿಯಿಂದ ಹೊಸಪೇಟೆಯ ಕಡೆಗೆ ರೈಲಿನಲ್ಲಿ ಹೋಗುವವರು ಕೊಪ್ಪಳದ ಕಲ್ಲುಗುಡ್ಡಗಳನ್ನು ಕಂಡೇ ಇರುತ್ತಾರೆ. ಆ ವೇಳೆಗೆ ಹೊಲಗಳ ಪೈರೆಲ್ಲ ಕಟಾವಾಗಿರುತ್ತದೆ, ಹಳ್ಳಗಳು ಬತ್ತಿರುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಅಕ್ಟೋಬರಿನೊಳಗೆ ಮುಗಿದುಹೋಗುತ್ತದೆ. ಇಂತಹ ಒಣಗಾಲದಲ್ಲಿ ಎಲೆಯೊಂದೂ ಇಲ್ಲದ ಪೊದೆಯೊಂದು ಕೊಂಬೆಯ ಉದ್ದಕ್ಕೂ ಬಿಳಿಯ ಹೂಗಳನ್ನು ತಳೆದು ನಿಂತಿದ್ದರೆ, ನೋಡಿದವರು “ಇದು ಯಾವ ಗಿಡ?” ಎಂದು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಕ್ರಮವನ್ನು ಇಂದು ತಮ್ಮ ಮುಂದೆ ಇಡಲು ಬಯಸುತ್ತೇನೆ.

ಎಲೆಗೆ ಮುಂಚೆ ಹೂ ಬಿಡುವುದು ವಿಪರೀತವೇನೂ ಅಲ್ಲ. ಮುತ್ತುಗವೂ ಅರಿಶಿನ ಬೂರುಗವೂ ಹಾಗೆಯೇ ಮಾಡುತ್ತವೆ. ನೀರಿಲ್ಲದ ಕಾಲದಲ್ಲಿ ಎಲೆಯೆಂಬುದು ಗಿಡಕ್ಕೆ ದುಬಾರಿಯಾದ ಬಾಬು. ಎಲೆಯ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಆದುದರಿಂದ ಗಿಡವು ಎಲೆಯನ್ನು ಉದುರಿಸಿ, ಮಳೆಗಾಲದಲ್ಲಿ ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟುಕೊಂಡ ಆಹಾರದಿಂದಲೇ ಹೂವನ್ನು ಹೊರಡಿಸುತ್ತದೆ. ಮರೆಮಾಡುವ ಎಲೆಯಿಲ್ಲದ ಕಾರಣ ಹೂವು ಜೇನುಹುಳುಗಳಿಗೆ ದೂರದಿಂದಲೇ ಕಾಣುತ್ತದೆ. ಫಾಲ್ಗುಣದ ಹೂವು ವೈಶಾಖ ಜ್ಯೇಷ್ಠದ ಹೊತ್ತಿಗೆ ಹಣ್ಣಾದರೆ, ಬೀಜವು ನೆಲಕ್ಕೆ ಬೀಳುವ ವೇಳೆಗೆ ಮುಂಗಾರು ಬಂದು ಮಣ್ಣು ನೆನೆಯುತ್ತದೆ. ಬಂಜೆಯಂತೆ ಕಾಣುವ ಗುಡ್ಡದಲ್ಲಿ ನಡೆಯುವ ಈ ಲೆಕ್ಕಾಚಾರ ಬಹಳ ಅಚ್ಚುಕಟ್ಟಾದುದು.

ಈಗ ಗುರುತಿಸುವ ಮಾತಿಗೆ ಬರೋಣ. ಹೂವಿನ ಬಣ್ಣವೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಒಣಸೀಮೆಯಲ್ಲಿ ಈ ಕಾಲಕ್ಕೆ ಬಿಳಿಯ ಹೂ ಬಿಡುವ ಗಿಡಗಳು ಹಲವು: ಬೆಪ್ಪಾಲೆ, ಕವಳಿ, ಬಿಕ್ಕೆ, ಹೀಗೆ. ಇವುಗಳನ್ನು ಒಂದರಿಂದೊಂದು ಬೇರ್ಪಡಿಸಲು ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಬೇಕು.

ಮೊದಲನೆಯದು: ಚಿಗುರುಕೊಂಬೆಯನ್ನು ಮುರಿದರೆ ಹಾಲು ಬರುತ್ತದೆಯೇ? ಬಂದರೆ ಬೆಪ್ಪಾಲೆಯೋ ಕವಳಿಯೋ ಆಗಿರಬಹುದು. ಕವಳಿಗೆ ಗಟ್ಟಿಯಾದ ಮುಳ್ಳುಗಳುಂಟು, ಬೆಪ್ಪಾಲೆಗೆ ಇಲ್ಲ. ಹಾಲು ಬಾರದಿದ್ದರೆ ಮುಂದಕ್ಕೆ ಹೋಗಬೇಕು.

ಎರಡನೆಯದು: ಎಲೆಗಳು ಎದುರುಬದುರಾಗಿ ಇದ್ದವೇ, ಒಂದು ಬಿಟ್ಟು ಒಂದರಂತೆ ಇದ್ದವೇ? ಎಲೆಯೇ ಇಲ್ಲದ ಗಿಡದಲ್ಲಿ ಇದನ್ನು ತಿಳಿಯುವುದೆಂತು ಎಂದು ಕೆಲವರು ಕೇಳಬಹುದು. ಉದುರಿದ ಎಲೆಯು ಕೊಂಬೆಯ ಮೇಲೆ ತನ್ನ ಗಾಯದ ಗುರುತನ್ನು ಬಿಟ್ಟೇ ಹೋಗಿರುತ್ತದೆ. ಅದನ್ನು ಓದಿದರೆ ಸಾಕು. ಗುರುತುಗಳು ಜೋಡಿಜೋಡಿಯಾಗಿದ್ದು, ಮೊಗ್ಗಿನ ತುದಿಯಲ್ಲಿ ಹಳದಿಯ ಅಂಟು ಮೆತ್ತಿದ್ದರೆ ಅದು ಬಿಕ್ಕೆ. ಗುರುತುಗಳು ಒಂದಾದ ಮೇಲೊಂದರಂತೆ ಇದ್ದರೆ ನಮ್ಮ ಹುಡುಕಾಟ ಇನ್ನೂ ಕಿರಿದಾಗುತ್ತದೆ.

ಮೂರನೆಯದು: ಎಸಳುಗಳ ಆಕಾರವೇನು? ನಮ್ಮ ಪೊದೆಯ ಎಸಳುಗಳು ಪಟ್ಟಿಯಂತೆ ಕಿರಿದಾಗಿ, ಹೊರಮೈ ಮಖಮಲ್ಲಿನಂತೆ ನವಿರಾಗಿ, ಅರಳಿದಾಗ ಹಿಂದಕ್ಕೆ ಮಡಿಚಿಕೊಂಡಿವೆ. ನಡುವೆ ಹತ್ತಕ್ಕಿಂತ ಹೆಚ್ಚಿನ ಕೇಸರಗಳು ಕುಚ್ಚಿನಂತೆ ನಿಂತಿವೆ. ಪರಿಮಳವೂ ಚೆನ್ನಾಗಿದೆ. ಹಳೆಯ ಕೊಂಬೆಯ ಮೇಲೆ ಹೂಗಳು ಒಂಟಿಯಾಗಿಯೂ ಸಣ್ಣ ಗುಂಪಾಗಿಯೂ ಇವೆ. ಕೆಲವು ಕಿರುಕೊಂಬೆಗಳ ತುದಿ ಮುಳ್ಳಾಗಿ ಚೂಪಾಗಿದೆ.

ನಾಲ್ಕನೆಯದೇ ಮುಖ್ಯವಾದುದು: ಅಂಡಾಶಯವು ಎಸಳುಗಳ ಮೇಲಿದೆಯೇ, ಕೆಳಗಿದೆಯೇ? ಒಂದು ಹೂವನ್ನು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಬೇಕು. ಕಾಯಾಗುವ ಭಾಗವು ಎಸಳುಗಳ ಬುಡಕ್ಕಿಂತ ಕೆಳಗೆ ಇದ್ದರೆ ಸಂದೇಹ ಬಹುಮಟ್ಟಿಗೆ ತೀರಿತು. ಇದು ಅಂಕೋಲೆ.

ಸಂಸ್ಕೃತದಲ್ಲಿ ಅಂಕೋಲ, ತೆಲುಗಿನಲ್ಲಿ ಊಡುಗ, ತಮಿಳಿನಲ್ಲಿ ಅಳಿಂಜಿಲ್ ಎಂಬ ಹೆಸರುಗಳು ಇದಕ್ಕುಂಟು. ಉತ್ತರ ಕನ್ನಡದ ಅಂಕೋಲೆ ಪಟ್ಟಣಕ್ಕೆ ಹೆಸರು ಬಂದುದು ಈ ಗಿಡದಿಂದಲೇ ಎಂದು ಹೇಳುವುದುಂಟು. ಶಾಸ್ತ್ರೀಯ ನಾಮ ಅಲಾಂಜಿಯಮ್ ಸಾಲ್ವಿಫೋಲಿಯಮ್. ಇದರ ಮೊದಲ ಪದ ಲ್ಯಾಟಿನ್ ವೇಷ ತೊಟ್ಟ ಮಲೆಯಾಳದ ಮಾತು. ಡಚ್ಚರ ಅಧಿಕಾರಿ ವಾನ್ ರೀಡನು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಗಿಡ ಅಂಗೋಲಮ್ ಎಂಬ ಹೆಸರಿನಲ್ಲಿ ಸೇರಿದೆ.

ಇದನ್ನು ಗುರುತಿಸುವಲ್ಲಿ ದೊಡ್ಡ ವಿದ್ವಾಂಸರೂ ತೊಡಕಿಗೆ ಸಿಕ್ಕಿದ್ದರು. ಲಿನ್ನೇಯಸ್ ಪಂಡಿತನ ಮಗನು 1782ರಲ್ಲಿ ಇದನ್ನು ನಮ್ಮ ತಡಸಲಿನ ಕುಲವಾದ ಗ್ರೂವಿಯಾದಲ್ಲಿ ಸೇರಿಸಿಬಿಟ್ಟನು. ಹೋಲಿಕೆಯೇನೋ ಇದೆ: ಎರಡರಲ್ಲಿಯೂ ಎಲೆಗಳು ಒಂದು ಬಿಟ್ಟು ಒಂದರಂತೆ ಇರುತ್ತವೆ, ಎಲೆಯ ಬುಡದಿಂದಲೇ ಮೂರು ನಾಲ್ಕು ನರಗಳು ಹೊರಡುತ್ತವೆ, ಕೇಸರಗಳು ಹಲವು. ಆದರೆ ತಡಸಲಿನಲ್ಲಿ ಅಂಡಾಶಯವು ಎಸಳುಗಳ ಮೇಲಿದೆ, ಅಂಕೋಲೆಯಲ್ಲಿ ಕೆಳಗಿದೆ. ಮರುವರ್ಷ, 1783ರಲ್ಲಿ, ಫ್ರಾನ್ಸಿನ ಲಾಮಾರ್ಕನು ಅಲಾಂಜಿಯಮ್ ಕುಲವನ್ನು ಬೇರೆಯಾಗಿ ಸ್ಥಾಪಿಸಿದನು; ಆದರೆ ಹತ್ತೆಸಳಿನದೊಂದು, ಆರೆಸಳಿನದೊಂದು ಎಂದು ಎರಡು ಜಾತಿಗಳನ್ನು ಹೆಸರಿಸಿದನು. ಅಂಕೋಲೆಯ ಎಸಳುಗಳು ಐದರಿಂದ ಹತ್ತರವರೆಗೆ ಬದಲಾಗುತ್ತವೆಯೆಂದು ಈಗ ನಮಗೆ ತಿಳಿದಿದೆ. ಅವೆರಡನ್ನೂ ಒಂದೇ ಜಾತಿಯಲ್ಲಿ ಅಡಕಮಾಡಿದ್ದಾರೆ. ಈಗಿನ ಹೆಸರು ಸ್ಥಿರವಾದುದು 1910ರಲ್ಲಿ, ವಾಂಗೆರಿನ್ ಎಂಬವನ ಕೈಯಲ್ಲಿ. ಒಂದೇ ಹೂವಿನ ಎಸಳನ್ನು ಎಣಿಸಿ ತೀರ್ಮಾನ ಹೇಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಅಂಕೋಲೆಯ ಬೀಜಗಳು ನೆಲಕ್ಕೆ ಬಿದ್ದರೂ ಮರಳಿ ತಾಯಿಗಿಡವನ್ನೇ ಸೇರುತ್ತವೆಂಬ ನಂಬಿಕೆ ಹಳೆಯದು. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ‘ಶಿವಾನಂದಲಹರಿ’ಯಲ್ಲಿ ಭಕ್ತಿಗೆ ಕೊಟ್ಟ ಉಪಮೆಗಳಲ್ಲಿ ಇದೂ ಒಂದು. ಉಪಮೆಯಾಗಿ ಅದು ಸುಂದರವಾದುದು. ಸಸ್ಯಶಾಸ್ತ್ರವಾಗಿ ಅದನ್ನು ತೆಗೆದುಕೊಳ್ಳಬೇಕಾಗಿಲ್ಲ. ಹಣ್ಣು ಮಾಗಿದಾಗ ಕಪ್ಪುಮಿಶ್ರಿತ ನೇರಳೆಯ ಬಣ್ಣಕ್ಕೆ ತಿರುಗುತ್ತದೆ. ತಲೆಯ ಮೇಲೆ ಪುಷ್ಪಪಾತ್ರೆಯ ಉಳಿಕೆಯು ಕಿರೀಟದಂತೆ ನಿಂತಿರುತ್ತದೆ. ಒಳಗೆ ಒಂದೇ ಬೀಜ. ತಿರುಳನ್ನು ಹಳ್ಳಿಯ ಮಕ್ಕಳೂ ಹಕ್ಕಿಗಳೂ ತಿನ್ನುತ್ತಾರೆ. ಬೀಜವನ್ನು ದೂರಕ್ಕೆ ಒಯ್ಯುವುದು ಹಕ್ಕಿಗಳ ಕೆಲಸ.

ಹೆಸರು ತಿಳಿದು ಏನು ಪ್ರಯೋಜನವೆಂದು ಕೇಳುವವರಿಗೆ ಒಂದು ಮಾತು. ಅಂಕೋಲೆಯ ಬೇರಿನ ತೊಗಟೆಯನ್ನು ನಾಟಿವೈದ್ಯದಲ್ಲಿ ವಾಂತಿಕಾರಕವಾಗಿ ಬಳಸುವುದುಂಟು. ದಕ್ಷಿಣ ಅಮೆರಿಕದ ಇಪೆಕಾಕುವಾನ ಬೇರಿನಲ್ಲಿರುವ ಎಮೆಟೀನ್ ಎಂಬ ತೀಕ್ಷ್ಣ ದ್ರವ್ಯವೇ ಇದರಲ್ಲಿಯೂ ಇದೆಯೆಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಅಳತೆ ಮೀರಿದರೆ ಅದು ಹೃದಯದ ಸ್ನಾಯುವನ್ನೇ ಕೆಡಿಸಬಲ್ಲುದು. ಹಣ್ಣು ತಿನ್ನಬಹುದೆಂಬುದರಿಂದ ಬೇರೂ ನಿರಪಾಯವೆಂದು ತಿಳಿಯಬಾರದು. ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಸಂಗತಿಯಿದೆ. ನಾಯಿಯ ವಿಷಕ್ಕೆ ಅಂಕೋಲೆಯ ಬೇರು ಮದ್ದೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಹುಚ್ಚುನಾಯಿಯ ಕಡಿತದಲ್ಲಿ ಇದನ್ನು ನಂಬಿ ಕುಳಿತರೆ ಪ್ರಾಣಕ್ಕೇ ಸಂಚಕಾರ. ರೋಗದ ಲಕ್ಷಣ ಒಮ್ಮೆ ಕಾಣಿಸಿದ ಮೇಲೆ ಬದುಕಿ ಉಳಿಯುವವರು ಇಲ್ಲವೆಂದೇ ಹೇಳಬೇಕು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳುವುದೊಂದೇ ದಾರಿ. ಪಾಸ್ಚರನು 1885ರಲ್ಲಿ ತೆರೆದ ದಾರಿ ಅದು.

ಕೊನೆಯದಾಗಿ ಒಂದು ಸೂಚನೆ. 1948ರವರೆಗೆ ಈ ನಾಲ್ಕು ತಾಲ್ಲೂಕುಗಳು ನಿಜಾಮರ ಸೀಮೆಗೆ ಸೇರಿದ್ದವು. ಪಶ್ಚಿಮದ ಮುಂಬಯಿ ಪ್ರಾಂತದ ಗಿಡಗಳನ್ನು ಕುಕ್ ಎಂಬವನೂ, ದಕ್ಷಿಣದ ಮದರಾಸು ಪ್ರಾಂತದ ಗಿಡಗಳನ್ನು ಗ್ಯಾಂಬಲ್ ಎಂಬವನೂ ಆ ಕಾಲದಲ್ಲಿ ಗ್ರಂಥಸ್ಥ ಮಾಡಿದರು. ಇವೆರಡರ ನಡುವಣ ಈ ನಾಡು ಎರಡು ಗ್ರಂಥಗಳ ಎಲ್ಲೆಗೂ ಹೊರಗೆ ಉಳಿಯಿತು. ಗಿಡಗಳು ಮಾತ್ರ ಸರಕಾರಗಳ ಗಡಿಯನ್ನು ಲೆಕ್ಕಿಸುವುದಿಲ್ಲವಾಗಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಬಹುಪಾಲು ಹೆಸರುಗಳು ದೊರೆಯುತ್ತವೆ. ಆದುದರಿಂದ ಗುರುತು ಸಿಗದ ಗಿಡವೊಂದನ್ನು ಕಂಡಾಗ ಹೂವಿರುವ ಒಂದು ಸಣ್ಣ ಕೊಂಬೆಯನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಊರು, ತಾರೀಖು, ಹೂವಿನ ಬಣ್ಣ, ಪರಿಮಳ, ಅಲ್ಲಿಯವರು ಕರೆಯುವ ಹೆಸರು, ಇಷ್ಟನ್ನೂ ಬರೆದಿಡಿ. ಆ ಗಿಡ ಎಲ್ಲಿದೆಯೆಂಬುದನ್ನು ನೆನಪಿಟ್ಟುಕೊಂಡು, ಎಲೆ ಬಂದಾಗ ಒಮ್ಮೆ, ಹಣ್ಣಾದಾಗ ಒಮ್ಮೆ ಅದೇ ಗಿಡದ ಬಳಿಗೆ ಹೋಗಿ ಬನ್ನಿ. ಮೂರು ಭೇಟಿಗಳಲ್ಲಿ ಕೂಡಿದ ಆ ಸಾಕ್ಷ್ಯವನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರ ಮುಂದಿಟ್ಟರೆ, ಹೆಸರು ಹೇಳುವುದು ಅವರಿಗೂ ಸುಲಭವಾಗುತ್ತದೆ; ಹೇಳಿದ ಹೆಸರನ್ನು ನಂಬಲು ತಮಗೂ ಆಧಾರವಿರುತ್ತದೆ.