ಪವಿತ್ರ ನಾಡಿನಲ್ಲಿ ಮಾನ್ಯತೆ ಮೊದಲೋ, ಸಂಧಾನ ಮೊದಲೋ?

ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಕಥೋಲಿಕ ಕುಟುಂಬಗಳಿಗೆ ಪ್ಯಾಲೆಸ್ತೀನ್ ಕೇವಲ ಪರದೇಶವಲ್ಲ. ಕ್ರಿಸ್ತಜಯಂತಿಗೆ ಗೋದಲಿ ಕಟ್ಟುವಾಗ ನಾವು ನೆನೆಯುವ ಬೆತ್ಲೆಹೇಮ್ ಇಂದಿಗೂ ಜನರು ಬಾಳುತ್ತಿರುವ ಊರು. ಸಾಮಾನ್ಯವಾಗಿ ಶುಭ ಶುಕ್ರವಾರದಂದು ನಮ್ಮ ದೇವಾಲಯಗಳಲ್ಲಿ ಎತ್ತುವ ಕಾಣಿಕೆ ಪವಿತ್ರ ನಾಡಿಗೆಂದೇ ಮೀಸಲು. ವರ್ಷಕ್ಕೊಮ್ಮೆ ಈ ಕಾಣಿಕೆಯನ್ನು ತಪ್ಪದೆ ಸಂಗ್ರಹಿಸಬೇಕೆಂದು ಜಗದ್ಗುರು ಆರನೆಯ ಪೌಲರು 1974ರಲ್ಲಿ ನಿರ್ದೇಶಿಸಿದರು. ಕಾಣಿಕೆ ನೀಡುವ ನಮಗೆ ಆ ನಾಡಿನ ನ್ಯಾಯಾನ್ಯಾಯಗಳನ್ನು ಅರಿಯುವ ಹೊಣೆಯೂ ಇದೆ.

2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮತ್ತು ಪೋರ್ಚುಗಲ್, ಮರುದಿನ ಫ್ರಾನ್ಸ್, ಪ್ಯಾಲೆಸ್ತೀನನ್ನು ಸ್ವತಂತ್ರ ರಾಷ್ಟ್ರವೆಂದು ಮಾನ್ಯ ಮಾಡಿದವು. ವಿಶ್ವಸಂಸ್ಥೆಯ 193 ಸದಸ್ಯರಲ್ಲಿ 150ಕ್ಕೂ ಹೆಚ್ಚು ದೇಶಗಳು ಈಗ ಈ ಮಾನ್ಯತೆ ನೀಡಿವೆ. ಭಾರತವು 1988ರಲ್ಲಿಯೇ ನೀಡಿತ್ತು. ಆದರೆ ಇಸ್ರೇಲಿನೊಡನೆ ಸಂಧಾನವಾಗದೆ, ಗಡಿ ನಿಶ್ಚಯವಾಗದೆ, ಶಾಂತಿ ನೆಲೆಸದೆ ನೀಡುವ ಇಂಥ ಮಾನ್ಯತೆಯಿಂದ ರಾಷ್ಟ್ರವೊಂದು ಉದಯಿಸೀತೇ ಎಂಬುದು ಎಲ್ಲೆಡೆ ಚರ್ಚೆಯ ವಿಷಯವಾಗಿದೆ.

ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯು ಆ ನಾಡನ್ನು ಒಂದು ಯೆಹೂದಿ ರಾಷ್ಟ್ರ, ಒಂದು ಅರಬ್ ರಾಷ್ಟ್ರವೆಂದು ವಿಭಜಿಸಿ, ಜೆರುಸಲೇಮನ್ನು ಅಂತಾರಾಷ್ಟ್ರೀಯ ಆಡಳಿತಕ್ಕೆ ಒಳಪಡಿಸಲು ನಿರ್ಣಯಿಸಿತು. ಭಾರತ ಆ ವಿಭಜನೆಯನ್ನು ವಿರೋಧಿಸಿ ಮತ ನೀಡಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾಯಿತು. ಅರಬ್ ರಾಷ್ಟ್ರ ಮಾತ್ರ ಕಾಗದದಲ್ಲಿಯೇ ಉಳಿಯಿತು. 1993ರ ಓಸ್ಲೋ ಒಪ್ಪಂದದಲ್ಲಿ ಗಡಿ, ಜೆರುಸಲೇಮ್, ನಿರಾಶ್ರಿತರು, ವಸಾಹತುಗಳು ಎಂಬ ಕಠಿಣ ವಿಷಯಗಳನ್ನು ಮುಂದಿನ ಮಾತುಕತೆಗೆ ಬಿಡಲಾಯಿತು. ಅವು ಇತ್ಯರ್ಥವಾಗಲೇ ಇಲ್ಲ. 2014ರಲ್ಲಿ ನೇರ ಮಾತುಕತೆಯೂ ಮುರಿದುಬಿತ್ತು.

ಮಾನ್ಯತೆಯನ್ನು ವಿರೋಧಿಸುವವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಹತರಾದರು. ಸುಮಾರು 250 ಜನ ಒತ್ತೆಯಾಳುಗಳಾದರು. ಇದಾದ ಮೇಲೆ ನೀಡುವ ಮಾನ್ಯತೆ ಹಿಂಸೆಗೆ ಕೊಟ್ಟ ಬಹುಮಾನವೆಂದು ಇಸ್ರೇಲ್ ಹೇಳುತ್ತದೆ. ಪ್ಯಾಲೆಸ್ತೀನೀಯರ ಆಡಳಿತವೇ 2007ರಿಂದ ಒಡೆದು, ಗಾಜಾ ಹಮಾಸಿನ ಕೈಗೂ ಪಶ್ಚಿಮ ದಂಡೆಯ ಪಟ್ಟಣಗಳು ಪ್ಯಾಲೆಸ್ತೀನ್ ಪ್ರಾಧಿಕಾರದ ಕೈಗೂ ಹೋಗಿದ್ದವು. ನಿಶ್ಚಿತ ಗಡಿಯಾಗಲಿ ಏಕ ಆಡಳಿತವಾಗಲಿ ಇಲ್ಲದಿದ್ದ ಮೇಲೆ ಮಾನ್ಯತೆ ಬರಿಯ ಹೆಸರಷ್ಟೇ ಎಂಬುದು ಅವರ ಆಕ್ಷೇಪ.

ಮಾನ್ಯತೆಯ ಪರವಾಗಿರುವವರ ವಾದವೂ ಅಷ್ಟೇ ಗಟ್ಟಿಯಾದುದು. ಒಂದು ಜನಾಂಗ ತನ್ನನ್ನು ತಾನು ಆಳಿಕೊಳ್ಳುವ ಹಕ್ಕು ಎದುರು ಪಕ್ಷ ಮನಸ್ಸು ಬಂದಾಗ ನೀಡುವ ದಾನವಲ್ಲ ಎಂದು ಅವರು ಹೇಳುತ್ತಾರೆ. ಸಂಧಾನಕ್ಕಾಗಿ ಕಾದ ವರ್ಷಗಳಲ್ಲಿ ನೆಲವೇ ಬದಲಾಯಿತು. ಪೂರ್ವ ಜೆರುಸಲೇಮನ್ನು ಬಿಟ್ಟು ಪಶ್ಚಿಮ ದಂಡೆಯೊಂದರಲ್ಲೇ 1993ರಲ್ಲಿ ಸುಮಾರು ಒಂದು ಲಕ್ಷವಿದ್ದ ಇಸ್ರೇಲಿ ವಸಾಹತುಗಾರರು ಇಂದು ಐದು ಲಕ್ಷವನ್ನು ಮೀರಿದ್ದಾರೆ. ಈ ಆಕ್ರಮಿತ ಸ್ಥಿತಿ ಕಾನೂನಿಗೆ ವಿರುದ್ಧವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 2024ರ ಜುಲೈ 19ರಂದು ಅಭಿಪ್ರಾಯಪಟ್ಟಿತು. 2025ರ ಅಕ್ಟೋಬರ್ 10ರ ಕದನ ವಿರಾಮದ ಹೊತ್ತಿಗೆ ಗಾಜಾದಲ್ಲಿ ಸತ್ತವರು 67,000ಕ್ಕೂ ಹೆಚ್ಚೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ. ಗಾಜಾದ ಏಕೈಕ ಕಥೋಲಿಕ ದೇವಾಲಯವಾದ ಪವಿತ್ರ ಕುಟುಂಬದ ದೇವಾಲಯಕ್ಕೂ 2025ರ ಜುಲೈ 17ರಂದು ಗುಂಡು ಬಿದ್ದು ಮೂವರು ಮೃತಪಟ್ಟರು.

ಎರಡು ವಾದಗಳ ನಡುವೆ ದಾರಿ ಕಾಣಲು ನಮ್ಮ ಸೀಮೆಯ ಅನುಭವವೇ ಸ್ವಲ್ಪ ನೆರವಾದೀತು. ನಂಜನಗೂಡಿನವರು ಕಪಿಲೆಯೆಂದು ಕರೆಯುವ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನೀರಿಗಾಗಿ ಮೈಸೂರು ಮತ್ತು ಮದ್ರಾಸುಗಳ ನಡುವೆ 1924ರಲ್ಲಾದ ಒಪ್ಪಂದದ ಅವಧಿ 1974ಕ್ಕೆ ಮುಗಿಯಿತೆಂಬುದು ಕರ್ನಾಟಕದ ನಿಲುವು. ಅನಂತರ ಎಷ್ಟು ಸುತ್ತು ಮಾತನಾಡಿದರೂ ಹೊಸ ಒಪ್ಪಂದವಾಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. ಮರುವರ್ಷದ ಮಧ್ಯಂತರ ಆದೇಶದ ಬೆನ್ನಿಗೆ, ಡಿಸೆಂಬರಿನಲ್ಲಿ, ಬೆಂಗಳೂರು ಮತ್ತು ಮೈಸೂರು ಕಡೆಗಳಲ್ಲಿ ಗಲಭೆಯೆದ್ದು ತಮಿಳು ಭಾಷಿಕರು ಮನೆ ತೊರೆದು ಓಡುವಂತಾಯಿತು. ಕನ್ನಡ, ತಮಿಳು ಎರಡೂ ಭಾಷೆಗಳಲ್ಲಿ ಬಲಿಪೂಜೆ ನಡೆಯುವ ನಮ್ಮ ಧರ್ಮಕ್ಷೇತ್ರ ಆ ದಿನಗಳನ್ನು ಮರೆಯಲಾಗದು. 2007ರಲ್ಲಿ ಅಂತಿಮ ತೀರ್ಪು ಬಂದಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿ ಹೆಚ್ಚಿಸಿತು. ಆದರೂ ಮಳೆ ಕೈಕೊಟ್ಟ 2023ರಲ್ಲಿ ಮತ್ತೆ ಬಂದ್ ನಡೆಯಿತು.

ಬರಿಯ ಮಾತುಕತೆಯನ್ನೇ ನೆಚ್ಚಿ ಕುಳಿತಾಗ ಪಾಲು ನಿಶ್ಚಯವಾಗಲಿಲ್ಲ. ತೀರ್ಪಿನಿಂದ ಪಾಲು ನಿಶ್ಚಯವಾಯಿತಾದರೂ ಮನಸ್ಸುಗಳು ಕೂಡಲಿಲ್ಲ. ಎರಡೂ ರಾಜ್ಯಗಳ ರೈತರು 2003ರಲ್ಲಿ ‘ಕಾವೇರಿ ಕುಟುಂಬ’ವೆಂದು ಒಟ್ಟುಗೂಡಿ ಪರಸ್ಪರರ ಗದ್ದೆಗಳನ್ನು ನೋಡಿಬಂದದ್ದು ಈ ಕೊರತೆಯನ್ನು ಅರಿತೇ. ನೀರಿನ ಪಾಲನ್ನೂ ತಾಯ್ನೆಲದ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು ನಿಜ. ನಮ್ಮೆರಡು ರಾಜ್ಯಗಳ ಮೇಲೆ ಒಂದೇ ಸಂವಿಧಾನವಿದೆ, ಒಂದೇ ನ್ಯಾಯಾಲಯವಿದೆ. ಅಲ್ಲಿ ಉಭಯರೂ ತಲೆಬಾಗುವ ಪೀಠವೇ ಇಲ್ಲ. ಆದುದರಿಂದಲೇ ಅಲ್ಲಿ ಜಗತ್ತಿನ ರಾಷ್ಟ್ರಗಳ ಮಾತಿಗೆ ಹೆಚ್ಚಿನ ತೂಕ.

ಧರ್ಮಸಭೆಯ ನಡೆ ಇಲ್ಲಿ ಗಮನಾರ್ಹ. ವ್ಯಾಟಿಕನ್ 1993ರಲ್ಲಿ ಇಸ್ರೇಲಿನೊಡನೆ ಮೂಲ ಒಪ್ಪಂದ ಮಾಡಿಕೊಂಡಿತು. 2015ರ ಜೂನ್ 26ರಂದು ‘ಪ್ಯಾಲೆಸ್ತೀನ್ ರಾಷ್ಟ್ರ’ವೆಂದು ಹೆಸರಿಸಿಯೇ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿತು. ಒಬ್ಬರನ್ನು ಒಪ್ಪಿದ್ದು ಇನ್ನೊಬ್ಬರನ್ನು ತೊರೆದಂತಾಗಲಿಲ್ಲ. ಅದೇ ವರ್ಷದ ಮೇ 17ರಂದು ಜಗದ್ಗುರು ಫ್ರಾನ್ಸಿಸರು ಆ ನಾಡಿನ ಇಬ್ಬರು ಸಂನ್ಯಾಸಿನಿಯರನ್ನು ಸಂತ ಪದವಿಗೇರಿಸಿದರು. ಅವರಲ್ಲಿ ಮರಿಯಂ ಬವಾರ್ದಿಯವರು ಕನ್ನಡ ನಾಡಿಗೆ ಅಪರಿಚಿತರಲ್ಲ. 1870ರಲ್ಲಿ ಮಂಗಳೂರಿಗೆ ಬಂದ ಅವರು ಅಲ್ಲಿನ ಕಾರ್ಮೆಲ್ ಮಠದಲ್ಲಿ ಮರುವರ್ಷ ವ್ರತ ಸ್ವೀಕರಿಸಿದವರು. ಅವರು ಹುಟ್ಟಿದ ಗಲಿಲೇಯದ ಇಬಿಲ್ಲಿನ್ ಇಂದು ಇಸ್ರೇಲಿನಲ್ಲಿದೆ. 1878ರಲ್ಲಿ ಅವರು ಮಡಿದ ಬೆತ್ಲೆಹೇಮ್ ಪಶ್ಚಿಮ ದಂಡೆಯಲ್ಲಿ, ತಡೆಗೋಡೆಯ ಆಚೆಗಿದೆ.

ಮಾನ್ಯತೆಯು ಶಾಂತಿಗೆ ಬದಲಿಯಲ್ಲ, ಆದರೆ ಶಾಂತಿಗಾಗಿ ಅದನ್ನು ಕಾಯಿಸುವುದೂ ಸಲ್ಲದು ಎಂಬುದು ನಮ್ಮ ನಂಬಿಕೆ. ಮಾನ್ಯತೆ ನೀಡುವುದೆಂದರೆ ಸಂಧಾನದ ಪಂಕ್ತಿಯಲ್ಲಿ ಎರಡನೆಯವರಿಗೂ ಸಮನಾದ ಮಣೆ ಹಾಕಿದಂತೆ. ಗಡಿ ಎಲ್ಲಿ, ಜೆರುಸಲೇಮ್ ಯಾರದು, ಇಸ್ರೇಲಿನ ಮಕ್ಕಳಿಗೆ ಭದ್ರತೆ ಹೇಗೆ, ನಿರಾಶ್ರಿತರಿಗೆ ನೆಲೆ ಎಲ್ಲಿ ಎಂಬುದನ್ನು ಅಲ್ಲಿ ಕುಳಿತವರೇ ಮಾತನಾಡಿ ಬಗೆಹರಿಸಿಕೊಳ್ಳಬೇಕು. ಅದನ್ನು ಹೊರಗಿನ ಯಾವ ದೇಶವೂ ಘೋಷಿಸಿ ಮುಗಿಸಲಾರದು.

ಮುಂದಿನ ಶುಭ ಶುಕ್ರವಾರ ಕಾಣಿಕೆಯ ತಟ್ಟೆ ನಮ್ಮ ಮುಂದೆ ಬಂದಾಗ, ಗಾಜಾದ ಧರ್ಮಕೇಂದ್ರದ ಕುಟುಂಬಗಳನ್ನೂ ಅಕ್ಟೋಬರ್ 7ರಂದು ತಮ್ಮವರನ್ನು ಕಳೆದುಕೊಂಡ ಯೆಹೂದಿ ಮನೆಗಳನ್ನೂ ಒಂದೇ ಪ್ರಾರ್ಥನೆಯಲ್ಲಿ ನೆನೆಯೋಣ. ಮನೆಯ ಮಕ್ಕಳು ಆ ನಾಡು ಯಾರದೆಂದು ಕೇಳಿದರೆ, ಅಲ್ಲಿ ಬಾಳುತ್ತಿರುವ ಎರಡೂ ಜನರದೆಂದು ಸಂಕೋಚವಿಲ್ಲದೆ ಹೇಳೋಣ.