ಒಂದೇ ಕೈಯಲ್ಲಿ ಕಟ್ಟುವ ಅಂತರಿಕ್ಷ ಲಾರಿ

ಮೇಜಿನ ನಡುವೆ ನೂರಕ್ಕೂ ಹೆಚ್ಚು ಚೌಕನೆಯ ರಟ್ಟಿನ ಬಿಲ್ಲೆಗಳು ಬೋರಲು ಬಿದ್ದಿರುತ್ತವೆ. ಸುತ್ತ ಕೂತವರ ಮುಂದೆ ಒಂದೊಂದು ಹಲಗೆ, ಹಲಗೆಯ ನಡುವೆ ಒಂದೇ ಒಂದು ಕ್ಯಾಬಿನ್. ಶುರು ಎಂದ ಕೂಡಲೇ ಎಲ್ಲರ ಕೈಗಳೂ ಒಟ್ಟಿಗೆ ರಾಶಿಗೆ ಬೀಳುತ್ತವೆ. ಸರದಿ ಎಂಬುದಿಲ್ಲ. ಪಕ್ಕದಲ್ಲಿ ಮರಳು ಗಡಿಯಾರ ಸುರಿಯುತ್ತಿರುತ್ತದೆ. ಹೊತ್ತು ಮುಗಿಯುವುದರೊಳಗೆ ಈ ಬಿಲ್ಲೆಗಳನ್ನು ಒಂದಕ್ಕೊಂದು ಜೋಡಿಸಿ, ಎಂಜಿನ್, ತೋಪು, ಬ್ಯಾಟರಿ, ಸರಕಿನ ಕೋಣೆ ಎಲ್ಲ ಇರುವ ಒಂದು ಅಂತರಿಕ್ಷ ನೌಕೆ ಕಟ್ಟಬೇಕು. ಕಟ್ಟಿದ ಮೇಲೆ ಅದನ್ನು ಹಾರಿಸಬೇಕು, ದಾರಿಯಲ್ಲಿ ಉಲ್ಕೆಗಳಿಗೂ ದರೋಡೆಕೋರರಿಗೂ ಒಡ್ಡಬೇಕು.

ಇದು ‘ಗ್ಯಾಲಕ್ಸಿ ಟ್ರಕ್ಕರ್’. ಜೆಕ್ ಗಣರಾಜ್ಯದ ವ್ಲಾಡಾ ಖ್ವಾಟಿಲ್ ರೂಪಿಸಿದ ಈ ಆಟವನ್ನು ಅಲ್ಲಿಯದೇ ಜೆಕ್ ಗೇಮ್ಸ್ ಎಡಿಷನ್ 2007ರಲ್ಲಿ ಹೊರತಂದಿತು. ಇದೇ ಖ್ವಾಟಿಲ್ ಮುಂದೆ ‘ಕೋಡ್‌ನೇಮ್ಸ್’ ಎಂಬ ಪದಗಳ ಆಟ ಮಾಡಿ, ಅದಕ್ಕೆ 2016ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಪಡೆದರು. ಕೋಡ್‌ನೇಮ್ಸ್ ಗೊತ್ತಿರುವ ಬಹಳ ಜನರಿಗೆ ಅದರ ಈ ಅಣ್ಣನ ಪರಿಚಯವಿಲ್ಲ. ಇಬ್ಬರಿಂದ ನಾಲ್ವರು ಆಡಬಹುದು, ಪೂರ್ತಿ ಆಟಕ್ಕೆ ಒಂದು ಗಂಟೆಯ ಮೇಲೆ ಬೇಕು. 2021ರಲ್ಲಿ ಹೊಸ ಆವೃತ್ತಿ ಬಂದಿದೆ. ಇಲ್ಲಿ ನಾನು ವಿವರಿಸುತ್ತಿರುವುದು ಮೂರು ಸುತ್ತುಗಳ ಮೂಲ ಆಟವನ್ನು.

ತಂತ್ರದ ಆಟಗಳಲ್ಲಿ ಸಾಮಾನ್ಯವಾಗಿ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಗಲ್ಲಕ್ಕೆ ಕೈ ಕೊಟ್ಟು ಕೂರಬಹುದು. ಗ್ಯಾಲಕ್ಸಿ ಟ್ರಕ್ಕರ್ ಆ ಹೊತ್ತನ್ನೇ ಕಿತ್ತುಕೊಳ್ಳುತ್ತದೆ. ತಂತ್ರ ಪೂರ್ತಿ ಉಳಿದಿದೆ, ಆದರೆ ಅದನ್ನು ಬೆರಳುಗಳು ಓಡುತ್ತಿರುವಾಗಲೇ ಮಾಡಿ ಮುಗಿಸಬೇಕು. ಅವಸರದಲ್ಲಿ ಕೈ ಮಾಡಿದ ಒಂದು ಜೋಡಣೆ ಎಷ್ಟು ಗಟ್ಟಿ ಎಂದು ಹಾರಾಟ ಶುರುವಾದ ಮೇಲೆಯೇ ತಿಳಿಯುವುದು. ತಂತ್ರ, ಅವಸರ ಎರಡನ್ನೂ ಇಷ್ಟು ಬಿಗಿಯಾಗಿ ಹೆಣೆದ ಇನ್ನೊಂದು ಆಟ ನನಗೆ ಕಂಡಿಲ್ಲ.

ಕತೆ ಚಿಕ್ಕದು. ದೂರದ ಗ್ರಹಗಳಿಗೆ ಒಳಚರಂಡಿ ವ್ಯವಸ್ಥೆ ಒದಗಿಸುವ ಒಂದು ಕಂಪನಿ. ಕೊಳವೆ ಮತ್ತಿತರ ಬಿಡಿಭಾಗಗಳನ್ನು ಅಲ್ಲಿಗೆ ಸಾಗಿಸಲು ಬೇರೆ ವಾಹನ ಯಾಕೆ, ಆ ಭಾಗಗಳಿಂದಲೇ ನೌಕೆ ಕಟ್ಟಿ ಹಾರಿಸಿದರೆ ಸರಕೂ ವಾಹನವೂ ಒಂದೇ ಆಯಿತಲ್ಲ ಎನ್ನುವುದು ಅದರ ಲೆಕ್ಕ. ಆಟಗಾರರು ಆ ಲಾರಿಗಳ ಚಾಲಕರು. ದಾರಿಯಲ್ಲಿ ಕಳಚಿಬಿದ್ದ ಪ್ರತಿ ಭಾಗಕ್ಕೂ ಚಾಲಕನೇ ದಂಡ ತೆರಬೇಕು. ಆಟದ ಲೆಕ್ಕಾಚಾರವೆಲ್ಲ ಈ ಕತೆಯಿಂದಲೇ ಹುಟ್ಟುತ್ತದೆ.

ಕಟ್ಟುವ ಕೆಲಸ

ಕಟ್ಟುವಾಗ ಕೈಗೆ ಕಟ್ಟುನಿಟ್ಟಿನ ನಿಯಮಗಳಿವೆ. ರಾಶಿಯಿಂದ ಬಿಲ್ಲೆ ಎತ್ತಲು ಒಂದೇ ಕೈ ಬಳಸಬೇಕು, ಒಂದು ಸಲಕ್ಕೆ ಒಂದೇ ಬಿಲ್ಲೆ. ರಾಶಿಯ ಮೇಲೆ ಅದನ್ನು ತಿರುಗಿಸಿ ನೋಡುವಂತಿಲ್ಲ, ನಿಮ್ಮ ಹಲಗೆಯ ಹತ್ತಿರ ತಂದ ಮೇಲೆಯೇ ಮಗುಚಬೇಕು. ಬೇಕಿದ್ದರೆ ಜೋಡಿಸಿ, ಬೇಡವಾದರೆ ಮುಖ ಮೇಲಾಗಿ ರಾಶಿಗೆ ಹಿಂತಿರುಗಿಸಿ. ಈಗ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಜೋಡಿಸಿದ ಬಿಲ್ಲೆಯನ್ನು ಅತ್ತಿತ್ತ ಮಾಡಬಹುದು, ಆದರೆ ಮುಂದಿನದಕ್ಕೆ ಕೈ ಹಾಕುವವರೆಗೆ ಮಾತ್ರ. ಆಮೇಲೆ ಅದು ಬೆಸುಗೆಯಾದಂತೆ, ಅಲುಗಿಸುವಂತಿಲ್ಲ. ಮುಂದೆ ಬೇಕಾದೀತು ಎಂದು ಎರಡು ಬಿಲ್ಲೆಗಳನ್ನು ಬದಿಗಿಟ್ಟುಕೊಳ್ಳಬಹುದು. ಕೊನೆಗೂ ಬಳಸದೆ ಹೋದರೆ ಅವೂ ಕಳೆದುಹೋದ ಭಾಗಗಳ ಲೆಕ್ಕಕ್ಕೆ ಸೇರುತ್ತವೆ.

ಪ್ರತಿ ಬಿಲ್ಲೆಗೆ ನಾಲ್ಕು ಬದಿ. ಒಂದೊಂದು ಬದಿಯೂ ಬರಿದಾಗಿರಬಹುದು ಅಥವಾ ಅಲ್ಲೊಂದು ಕೊಂಡಿ ಇರಬಹುದು. ಕೊಂಡಿಗಳಲ್ಲಿ ಮೂರು ಬಗೆ: ಒಂಟಿ, ಜೋಡಿ, ಎಲ್ಲಕ್ಕೂ ಒಗ್ಗುವಂಥದ್ದು. ಒಂಟಿಗೆ ಒಂಟಿ, ಜೋಡಿಗೆ ಜೋಡಿ ಕೂಡುತ್ತದೆ. ಮೂರನೆಯದು ಯಾವುದರ ಜೊತೆಗೂ ಹೊಂದುತ್ತದೆ. ಒಂಟಿ ಮತ್ತು ಜೋಡಿ ಎದುರುಬದುರಾದರೆ ತಪ್ಪು. ಕೊಂಡಿಯೊಂದು ಪಕ್ಕದ ಬಿಲ್ಲೆಯ ಬರಿ ಬದಿಗೆ ತಾಗಿದರೂ ತಪ್ಪು. ಎರಡು ಬರಿ ಬದಿಗಳು ತಾಗಬಹುದು, ಆದರೆ ಅಲ್ಲಿ ಬಂಧ ಇರುವುದಿಲ್ಲ.

ಇದರ ಮೇಲೆ ಯಂತ್ರಗಳದ್ದೇ ನಿಯಮಗಳು. ಎಂಜಿನ್ನಿನ ಹೊಗೆ ಹಿಂದಕ್ಕೇ ಹೋಗಬೇಕು, ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಬಿಲ್ಲೆ ಇರಕೂಡದು. ತೋಪನ್ನು ಯಾವ ದಿಕ್ಕಿಗಾದರೂ ತಿರುಗಿಸಬಹುದು, ಬಾಯೆದುರಿನ ಚೌಕ ಮಾತ್ರ ಖಾಲಿ ಇರಬೇಕು. ಮುಂದಕ್ಕೆ ಮುಖ ಮಾಡಿದ ತೋಪಿನ ಬಲ 1, ಬೇರೆ ದಿಕ್ಕಿನದಕ್ಕೆ ಅರ್ಧ. ಜೋಡಿ ತೋಪು, ಜೋಡಿ ಎಂಜಿನ್‌ಗಳಿಗೆ ಇಮ್ಮಡಿ ಬಲವಿದೆ, ಆದರೆ ಬಳಸಿದಾಗಲೆಲ್ಲ ಒಂದು ಬ್ಯಾಟರಿ ಖರ್ಚು. ಒಂದು ಬ್ಯಾಟರಿ ಬಿಲ್ಲೆಯಲ್ಲಿ ಎರಡೋ ಮೂರೋ ಸಲದ ಶಕ್ತಿ ಇರುತ್ತದೆ, ಅಷ್ಟೇ. ಗುರಾಣಿ ಯಂತ್ರ ಎರಡು ದಿಕ್ಕುಗಳನ್ನು ಕಾಯುತ್ತದೆ, ಅದಕ್ಕೂ ಬ್ಯಾಟರಿ ಬೇಕು.

ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ನಿಮ್ಮ ಕೈಗೆ ಒಂಟಿ ಎಂಜಿನ್ ಬಂತು, ಮೇಲಿನ ಬದಿಯಲ್ಲಿ ಜೋಡಿ ಕೊಂಡಿ. ಎಂಜಿನ್ನನ್ನು ತಿರುಗಿಸುವಂತಿಲ್ಲ, ಹೊಗೆ ಹಿಂದಕ್ಕೇ ಇರಬೇಕು. ಅಂದರೆ ಕೆಳಬದಿಯಲ್ಲಿ ಜೋಡಿ ಕೊಂಡಿಯೋ ಎಲ್ಲಕ್ಕೂ ಒಗ್ಗುವ ಕೊಂಡಿಯೋ ಇರುವ ಬಿಲ್ಲೆಯ ಹಿಂದೆ ಇದು ಕೂರಬೇಕು, ಇದರ ಹಿಂದಿನ ಚೌಕ ಖಾಲಿ ಉಳಿಯಬೇಕು, ಎಡಬಲದ ನೆರೆಯವರ ಜೊತೆಗೂ ತಕರಾರು ಬರಬಾರದು. ನಾಲ್ಕು ಬದಿಗಳ ಈ ಪರೀಕ್ಷೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯಬೇಕು, ಯಾಕೆಂದರೆ ನೀವು ಎರಡು ಸಲ ಯೋಚಿಸುವಷ್ಟರಲ್ಲಿ ಎದುರಿನವರು ನಿಮಗೆ ಬೇಕಿದ್ದ ಬ್ಯಾಟರಿಯನ್ನು ಎತ್ತಿಕೊಂಡಿರುತ್ತಾರೆ. ಪಳಗಿದ ಆಟಗಾರರ ಕಣ್ಣು ಬಿಲ್ಲೆಯ ಚಿತ್ರಕ್ಕಿಂತ ಮೊದಲು ಅದರ ಅಂಚಿಗೆ ಹೋಗುತ್ತದೆ. ಎಲ್ಲಿ ಕೂರುತ್ತದೆ ಎಂದು ಗೊತ್ತಾದ ಮೇಲೆ ಅದು ಏನು ಎಂಬ ಪ್ರಶ್ನೆ. ಹೊಸಬರು ಮೊದಲು ರೂಢಿಸಿಕೊಳ್ಳಬೇಕಾದದ್ದೂ ಇದನ್ನೇ.

ಕ್ಯಾಬಿನ್‌ಗಳಲ್ಲಿ ತಲಾ ಇಬ್ಬರು ಗಗನಯಾತ್ರಿಗಳು. ಪಕ್ಕದಲ್ಲಿ ತಕ್ಕ ಬಣ್ಣದ ಜೀವರಕ್ಷಕ ಘಟಕ ಜೋಡಿಸಿದ್ದರೆ ಇಬ್ಬರ ಬದಲು ಒಂದು ಅನ್ಯಗ್ರಹ ಜೀವಿಯನ್ನು ಹತ್ತಿಸಿಕೊಳ್ಳಬಹುದು. ನೇರಳೆ ಬಣ್ಣದ್ದು ತೋಪಿನ ಬಲಕ್ಕೆ 2 ಸೇರಿಸುತ್ತದೆ, ಕಂದು ಬಣ್ಣದ್ದು ಎಂಜಿನ್ ಬಲಕ್ಕೆ 2. ಸರಕಿನ ಕೋಣೆಗಳು ಬೇರೆ. ಅಪಾಯಕಾರಿ ಕೆಂಪು ಸರಕಿಗೆ ವಿಶೇಷ ಕೋಣೆಯೇ ಆಗಬೇಕು.

ಕಟ್ಟುತ್ತಿರುವಾಗಲೇ ಇನ್ನೊಂದು ಆಕರ್ಷಣೆ ಇದೆ. ಮುಂದಿನ ಹಾರಾಟದ ಕಾರ್ಡುಗಳನ್ನು ನಾಲ್ಕು ಗುಂಪು ಮಾಡಿಟ್ಟಿರುತ್ತಾರೆ. ಅದರಲ್ಲಿ ಮೂರನ್ನು ಯಾರು ಬೇಕಾದರೂ ಎತ್ತಿ ನೋಡಬಹುದು, ನಾಲ್ಕನೆಯದು ಗುಟ್ಟು. ನೋಡುತ್ತಿರುವಷ್ಟು ಹೊತ್ತು ಕಟ್ಟುವಂತಿಲ್ಲ. ಉಲ್ಕೆಗಳು ಹೆಚ್ಚಿವೆ ಎಂದು ಮೊದಲೇ ತಿಳಿದರೆ ತೋಪುಗಳ ಕಡೆ ಗಮನ ಕೊಡಬಹುದು, ಆದರೆ ತಿಳಿದುಕೊಳ್ಳುವ ಬೆಲೆ ಸಮಯದಲ್ಲೇ ಸಲ್ಲಬೇಕು. ಮೊದಲ ಸುತ್ತಿನಲ್ಲಿ ಒಂದೊಂದು ಗುಂಪಿನಲ್ಲಿ ಎರಡೇ ಕಾರ್ಡು. ಒಂದು ಗುಂಪನ್ನಾದರೂ ನೋಡುವುದು ಲಾಭ ಎಂದೇ ನನ್ನ ಅಭಿಪ್ರಾಯ.

ಮುಗಿಸಿದವರು 1ರಿಂದ 4ರವರೆಗಿನ ಸಂಖ್ಯೆಯ ಬಿಲ್ಲೆಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತಾರೆ, ಹಾರಾಟದಲ್ಲಿ ಯಾರು ಮುಂದೆ ಎಂಬುದು ಅದರಿಂದ ನಿಶ್ಚಯ. ಮರಳು ಗಡಿಯಾರವನ್ನು ಕೊನೆಯ ಬಾರಿ ಮಗುಚುವ ಹಕ್ಕು ನೌಕೆ ಮುಗಿಸಿದವರಿಗೆ ಮಾತ್ರ. ಚುರುಕು ಕೈಯವರು ಉಳಿದವರ ಸಮಯವನ್ನು ಹೀಗೆ ಅಳೆಯತೊಡಗುತ್ತಾರೆ. ಆಮೇಲೆ ತಪಾಸಣೆ: ತಪ್ಪಾಗಿ ಕೂಡಿಸಿದ ಭಾಗಗಳನ್ನು ಹಾರುವ ಮೊದಲೇ ಕಿತ್ತುಹಾಕಬೇಕು, ಅವಕ್ಕೂ ದಂಡ ಉಂಟು.

ಉಲ್ಕೆಯ ಗಣಿತ

ಈಗ ಕೈಗೆ ಬಿಡುವು. ಮುಂದಿರುವ ಆಟಗಾರ ಒಂದೊಂದೇ ಕಾರ್ಡು ಮಗುಚುತ್ತಾ ಹೋಗುತ್ತಾರೆ. ಬಯಲು ಅಂತರಿಕ್ಷ ಬಂದರೆ ಹಾರಾಟದ ಹಲಗೆಯಲ್ಲಿ ಎಂಜಿನ್ ಬಲದಷ್ಟು ಮನೆ ಮುಂದಕ್ಕೆ. ಗ್ರಹಗಳು ಬಂದರೆ ಮುಂದಿರುವವರು ಮೊದಲು ಆರಿಸಿಕೊಂಡು ಇಳಿಯಬಹುದು, ಸರಕು ತುಂಬಿಕೊಳ್ಳಬಹುದು, ಬದಲಿಗೆ ಕೆಲವು ದಿನ, ಅಂದರೆ ಅಷ್ಟು ಮನೆ, ಹಿಂದೆ ಬೀಳಬೇಕು. ದರೋಡೆಕೋರರು, ಕಳ್ಳಸಾಗಣೆಯವರು, ಗುಲಾಮರ ವ್ಯಾಪಾರಿಗಳು ಮುಂದಿರುವವರ ಮೇಲೆಯೇ ಮೊದಲು ಎರಗುತ್ತಾರೆ. ಅವರನ್ನು ಸೋಲಿಸಿದರೆ ಬಹುಮಾನ ನಿಮ್ಮದು, ಹಿಂದಿನವರೆಲ್ಲ ಬಚಾವ್. ನೀವು ಸೋತರೆ ನಷ್ಟ ಅನುಭವಿಸಬೇಕು, ವೈರಿ ಮುಂದಿನ ನೌಕೆಗೆ ಹೋಗುತ್ತಾನೆ. ಮೊದಲು ಮುಗಿಸಿದ್ದರ ಲಾಭ ಮತ್ತು ಅಪಾಯ ಎರಡೂ ಇಲ್ಲಿ ಒಟ್ಟಿಗೇ ಬರುತ್ತವೆ.

ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಉಲ್ಕೆಯ ಮಳೆ. ಯಾವ ದಿಕ್ಕಿನಿಂದ ಎಂದು ಕಾರ್ಡು ಹೇಳುತ್ತದೆ, ಯಾವ ಸಾಲಿಗೆ ಎಂದು ಎರಡು ದಾಳಗಳ ಮೊತ್ತ ಹೇಳುತ್ತದೆ. ಹಲಗೆಯ ಅಂಚಿನಲ್ಲಿ ಸಾಲುಗಳಿಗೆ ಸಂಖ್ಯೆ ಇರುತ್ತದೆ, ನಡುವಿನ ಸಾಲು 7. ಎರಡು ದಾಳಗಳಿಂದ 36 ಬಗೆಯ ಫಲ ಸಾಧ್ಯ. ಅದರಲ್ಲಿ 7 ಬೀಳುವುದು ಆರು ಬಗೆಯಲ್ಲಿ, 6 ಮತ್ತು 8 ತಲಾ ಐದು, 5 ಮತ್ತು 9 ತಲಾ ನಾಲ್ಕು. ಮೊದಲ ಸುತ್ತಿನ ಪುಟ್ಟ ನೌಕೆ 5ರಿಂದ 9ರವರೆಗಿನ ಸಾಲುಗಳಲ್ಲಿ ಕೂರುತ್ತದೆ. ಕೂಡಿಸಿದರೆ 24, ಅಂದರೆ ಮೂರು ಉಲ್ಕೆಗಳಲ್ಲಿ ಸರಾಸರಿ ಎರಡು ನೌಕೆಯ ಸಾಲಿಗೇ ಬರುತ್ತವೆ, ಒಂದು ಪಕ್ಕದಲ್ಲಿ ಹಾದುಹೋಗುತ್ತದೆ. ಪೆಟ್ಟು ಹೆಚ್ಚು ಬೀಳುವುದು ನಟ್ಟನಡುವೆ. ಬ್ಯಾಟರಿ, ಕ್ಯಾಬಿನ್‌ಗಳನ್ನು ನಡುವೆ ಅಡಗಿಸಿದರೆ ಕ್ಷೇಮ ಎಂದು ಹೊಸಬರಿಗೆ ಅನಿಸುತ್ತದೆ. ಆದರೆ ಒಂದು ಸಾಲಿನಲ್ಲಿ ಉಲ್ಕೆಗೆ ಮೊದಲು ಸಿಗುವ ಭಾಗಕ್ಕೇ ಪೆಟ್ಟು, ಹಾಗಾಗಿ 7ನೇ ಸಾಲಿನ ಮೂತಿಯಲ್ಲಿ ಏನಿದೆ ಎಂಬುದೇ ಮುಖ್ಯ.

ಸಣ್ಣ ಉಲ್ಕೆ ಬರಿ ಬದಿಗೆ ಬಡಿದರೆ ಪುಟಿದು ಹೋಗುತ್ತದೆ, ಏನೂ ಆಗುವುದಿಲ್ಲ. ಹೊರಗೆ ತೆರೆದುಕೊಂಡ ಕೊಂಡಿಗೆ ಬಡಿದರೆ ಆ ಭಾಗ ಹೋಯಿತು. ಆ ದಿಕ್ಕಿಗೆ ಗುರಾಣಿ ಇದ್ದು, ಬ್ಯಾಟರಿಯೂ ಉಳಿದಿದ್ದರೆ ಮಾತ್ರ ಬಚಾವು. ದೊಡ್ಡ ಉಲ್ಕೆಗೆ ಗುರಾಣಿ ಲೆಕ್ಕಕ್ಕಿಲ್ಲ, ಹೊಡೆದೇ ಉರುಳಿಸಬೇಕು. ಮುಂದಿನಿಂದ ಬಂದರೆ ಅದೇ ಸಾಲಿನಲ್ಲಿ ಮುಂದಕ್ಕೆ ನೋಡುವ ತೋಪು ಬೇಕು. ಬದಿಯಿಂದ ಬಂದರೆ ಆ ಬದಿಗೆ ಮುಖ ಮಾಡಿದ ತೋಪು ಪಕ್ಕದ ಸಾಲಿನಲ್ಲಿದ್ದರೂ ನಡೆಯುತ್ತದೆ. 7ನೇ ಸಾಲಿನ ತುದಿಯಲ್ಲಿ ಬ್ಯಾಟರಿ ಬೇಡದ ಒಂಟಿ ತೋಪು ಕೂರಿಸುವುದು ಅದಕ್ಕೇ ಒಳ್ಳೆಯ ಅಭ್ಯಾಸ.

ನಿಜವಾದ ಅನಾಹುತ ಇರುವುದು ಒಂದು ಭಾಗ ಹೋದ ಮೇಲೆ. ನೌಕೆಯ ಬಲ ರೆಕ್ಕೆ ಇಡೀ ಒಂದೇ ಬಿಲ್ಲೆಯ ಕೊಂಡಿಯಿಂದ ನೇತಾಡುತ್ತಿದೆ ಎಂದಿಟ್ಟುಕೊಳ್ಳಿ. ಅದರಾಚೆ ಒಂದು ಸರಕಿನ ಕೋಣೆ, ಒಂದು ಎಂಜಿನ್, ಒಂದು ಕ್ಯಾಬಿನ್. ಉಲ್ಕೆ ತಾಗಿದ್ದು ಆ ನಡುವಿನ ಬಿಲ್ಲೆಗೆ ಮಾತ್ರ, ಆದರೆ ಆಚೆಯ ಮೂರೂ ಕಳಚಿ ತೇಲಿಹೋಗುತ್ತವೆ, ಒಳಗಿನ ಸರಕು, ಜನ ಸಮೇತ. ನಾಲ್ಕು ಭಾಗಗಳ ದಂಡವೂ ಬೀಳುತ್ತದೆ. ಒಂದೊಂದು ಭಾಗವನ್ನೂ ಎರಡು ಕಡೆಯಿಂದ ಹಿಡಿದಿಡುವಂತೆ ಕಟ್ಟಿದವರ ನೌಕೆ ಪೆಟ್ಟು ತಿಂದರೂ ಒಂದೇ ಬಿಲ್ಲೆ ಕಳೆದುಕೊಳ್ಳುತ್ತದೆ. ನೌಕೆ ಒಡೆಯದಂತೆ ಕಟ್ಟಲು ಯಾರಿಂದಲೂ ಆಗದು, ಒಡೆದರೆ ಎಷ್ಟು ಒಡೆಯಬೇಕು ಎಂಬುದು ಮಾತ್ರ ಕಟ್ಟುವವರ ಕೈಯಲ್ಲಿದೆ. ಬಲವಾದ ತೋಪುಗಳನ್ನು ಹುಡುಕುತ್ತಾ ಹೊತ್ತು ಕಳೆಯುವುದಕ್ಕಿಂತ, ಸಿಕ್ಕ ಸಾಧಾರಣ ಭಾಗಗಳನ್ನೇ ಒತ್ತಾಗಿ ಹೆಣೆಯುವುದು ಮೇಲು ಎಂದು ನಾನು ನಂಬಿರುವುದು ಇದಕ್ಕಾಗಿಯೇ.

ತೆರೆದ ಕೊಂಡಿಗಳಿಗೆ ಬೇರೆ ಕಡೆಯೂ ಬೆಲೆ ಇದೆ. ನಕ್ಷತ್ರಧೂಳಿಯ ಕಾರ್ಡು ಬಂದರೆ ಹೊರಗೆ ಕಾಣುವ ಪ್ರತಿ ಕೊಂಡಿಗೂ ಒಂದು ದಿನ ಹಿಂದಕ್ಕೆ. ತಲುಪಿದ ಮೇಲೆ ಅತಿ ಕಡಿಮೆ ತೆರೆದ ಕೊಂಡಿ ಉಳಿದ ನೌಕೆಗೆ ಅಂದದ ಬಹುಮಾನ.

ಲೆಕ್ಕ ಚುಕ್ತಾ

ಮುಂದಿನವರು ಹಾರಾಟದ ಹಲಗೆಯಲ್ಲಿ ಒಂದು ಪೂರ್ತಿ ಸುತ್ತು ದಾಟಿ ನಿಮ್ಮನ್ನು ಹಿಂದಿಕ್ಕಿದರೆ, ಇಲ್ಲವೇ ನೌಕೆಯಲ್ಲಿ ಒಬ್ಬ ಮನುಷ್ಯನೂ ಉಳಿಯದಿದ್ದರೆ, ನಿಮ್ಮ ಹಾರಾಟ ಅಲ್ಲಿಗೇ ಮುಗಿಯಿತು. ಸರಕಿಗೆ ಅರ್ಧ ಬೆಲೆ, ಬಹುಮಾನ ಇಲ್ಲ. ತಲುಪಿದವರಿಗೆ ಕ್ರಮದ ಪ್ರಕಾರ ಹಣ ಸಿಗುತ್ತದೆ. ಕೆಂಪು ಸರಕಿಗೆ 4, ಹಳದಿಗೆ 3, ಹಸಿರಿಗೆ 2, ನೀಲಿಗೆ 1. ಕಳೆದುಕೊಂಡ ಭಾಗಕ್ಕೆ ತಲಾ 1 ಕಡಿತ. ಆಮೇಲೆ ನೌಕೆ ಬಿಚ್ಚಿ ರಾಶಿಗೆ ಸೇರಿಸಿ ಇನ್ನೂ ದೊಡ್ಡ ಹಲಗೆಯ ಮೇಲೆ ಎರಡನೇ ಸುತ್ತು, ಬಳಿಕ ಮೂರನೇದು. ಕೊನೆಗೆ ಕೈಯಲ್ಲಿ ಒಂದಾದರೂ ನಾಣ್ಯ ಉಳಿದವರೆಲ್ಲ ಗೆದ್ದವರೇ, ಹೆಚ್ಚು ಉಳಿಸಿದವರು ಇನ್ನಷ್ಟು ಗೆದ್ದವರು ಎಂದು ನಿಯಮವೇ ಹೇಳುತ್ತದೆ. ಒಡೆದು ಚೂರಾಗುವುದು ಇಷ್ಟು ಸಹಜವಾದ ಆಟದಲ್ಲಿ ಇದು ತುಂಬ ಮಾನವೀಯ ನಿಯಮ.

ಹೊಸಬರಿಗೆ ಕಲಿಸುವವರು ಮೊದಲ ಸಲ ಮರಳು ಗಡಿಯಾರವನ್ನು ಪೆಟ್ಟಿಗೆಯಲ್ಲೇ ಬಿಡಿ, ಪುಟ್ಟ ನೌಕೆಯನ್ನು ನಿಧಾನವಾಗಿ ಕಟ್ಟಲು ಹೇಳಿ. ಕೊಂಡಿಗಳ ನಿಯಮ ಕಣ್ಣಿಗೆ ಹತ್ತಿದ ಮೇಲೆ ಗಡಿಯಾರ ಹೊರಬರಲಿ. ಕೈಯ ವೇಗದಲ್ಲಿ ತೀರಾ ಅಂತರ ಇರುವ ಮಕ್ಕಳು, ಅಜ್ಜ ಅಜ್ಜಿಯರು ಜೊತೆಗಿದ್ದರೆ ಕೊನೆಯ ಮಗುಚುವಿಕೆಯನ್ನು ಎಲ್ಲರೂ ಸರಿ ಎಂದ ಮೇಲೆಯೇ ಮಾಡಿ. ಆಡುವ ಜಾಗದಲ್ಲಿ ಬೆಳಕು ಚೆನ್ನಾಗಿರಲಿ, ಒಂಟಿ ಮತ್ತು ಜೋಡಿ ಕೊಂಡಿಗಳ ವ್ಯತ್ಯಾಸ ಮಬ್ಬಿನಲ್ಲಿ ತಿಳಿಯುವುದಿಲ್ಲ. ರಾಶಿ ಎಲ್ಲರ ಕೈಗೂ ಒಂದೇ ದೂರದಲ್ಲಿರುವಂತೆ ದುಂಡು ಮೇಜು ಸಿಕ್ಕರೆ ಇನ್ನೂ ಒಳ್ಳೆಯದು.