ಲೇತಿನ ಕಾಲೆಟ್ ಮತ್ತು ಅದರ ಓರೆ

ಭಾಲ್ಕಿಯ ಸುತ್ತಣ ಹೊಲಗಳಲ್ಲಿ ಕಬ್ಬು ಬೆಳೆಯುತ್ತದೆ. ಅದನ್ನು ಸಾಗಿಸುವ ಟ್ರೇಲರು, ನೀರೆತ್ತುವ ಪಂಪು ಕೆಟ್ಟಾಗ ರೈತನು ಹುಡುಕುವುದು ಲೇತ್ ಅಂಗಡಿಯನ್ನು. ಒಂದೆರಡು ಬಿಡಿಭಾಗಗಳನ್ನು ಕಡೆಯಲು ಮೂರು ದವಡೆಯ ಚಕ್ ಸಾಕು. ಆದರೆ 12 ಮಿ.ಮೀ. ವ್ಯಾಸದ ನೂರು ಪಿನ್ನುಗಳು ಒಂದೇ ಅಳತೆಯಲ್ಲಿ ಬೇಕೆನ್ನೋಣ. ಚಕ್ಕನ್ನು ಬಿಗಿಯುವುದರಲ್ಲಿಯೇ ಹೊತ್ತು ಕಳೆಯುತ್ತದೆ. ದವಡೆಗಳ ಗುರುತೂ ಪಿನ್ನಿನ ಮೈಮೇಲೆ ಬೀಳುತ್ತದೆ. ಇಂಥ ಕೆಲಸಕ್ಕೆ ಒದಗುವ ಸಾಧನವೇ ಕಾಲೆಟ್.

ಕಾಲೆಟ್ ಎಂದರೆ ಉದ್ದನೆಯ ಸೀಳುಗಳುಳ್ಳ ಉಕ್ಕಿನ ಕೊಳವೆ. ಅದರ ತಲೆಯ ಹೊರಮೈ ಶಂಕುವಿನಂತೆ ಓರೆಯಾಗಿರುತ್ತದೆ. ಅದು ಕೂರುವ ಬಾಯಿಯೂ ಅದೇ ಓರೆಯದು. ಹಿಂದಿನಿಂದ ಎಳೆದಾಗ ತಲೆ ಒಳಕ್ಕೆ ಸರಿದು, ಸೀಳುಗಳು ಕಿರಿದಾಗಿ, ಸಲಾಕೆಯನ್ನು ಸುತ್ತಲಿಂದಲೂ ಅದುಮಿ ಹಿಡಿಯುತ್ತದೆ.

ಈ ಓರೆ ಎಷ್ಟಿರಬೇಕು? ಎಣ್ಣೆ ಸವರಿದ ಉಕ್ಕಿನ ಘರ್ಷಣ ಗುಣಾಂಕ 0.1 ಎಂದು ಹಿಡಿದರೆ ಘರ್ಷಣ ಕೋನ ಸುಮಾರು 5.7° ಆಗುತ್ತದೆ. ಓರೆಯ ಅರ್ಧಕೋನ ಇದಕ್ಕಿಂತ ಕಿರಿದಾದರೆ ಬೆಣೆ ತಾನಾಗಿ ಹಿಂದೆ ಸರಿಯದು. ಕೊರೆಯುವ ಯಂತ್ರದ ಮೋರ್ಸ್ ಓರೆಯ ಅರ್ಧಕೋನ ಸುಮಾರು 1.5° ಮಾತ್ರ, ಆದುದರಿಂದಲೇ ಡ್ರಿಲ್ಲನ್ನು ಬೆಣೆ ಬಡಿದು ಬಿಡಿಸಬೇಕು. ಕಾಲೆಟ್ಟಾದರೋ ಹಿಡಿಯಲೂ ಬೇಕು, ಬಿಡಲೂ ಬೇಕು. ಬಹು ಬಳಕೆಯ 5ಸಿ ಕಾಲೆಟ್ಟಿನ ಅರ್ಧಕೋನ 10°; 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಇಆರ್ ಕಾಲೆಟ್ಟಿನದು 8°. ಗಡಿಯಾರ ರಿಪೇರಿಯವರ 8 ಮಿ.ಮೀ. ಕಾಲೆಟ್ಟುಗಳಲ್ಲಿ ಸಾಮಾನ್ಯವಾಗಿ 20°. ಕೋನ ಹೆಚ್ಚಿದಷ್ಟೂ ಹಿಡಿತ ತಗ್ಗುತ್ತದೆ: ಮೇಲಿನ ಘರ್ಷಣೆಯನ್ನೇ ಇಟ್ಟುಕೊಂಡು 100 ಕಿಲೋಗ್ರಾಂ ಬಲದಿಂದ ಎಳೆದರೆ 10°ಯಲ್ಲಿ ಸುಮಾರು 356, 20°ಯಲ್ಲಿ ಸುಮಾರು 208 ಕಿಲೋಗ್ರಾಂ ಒತ್ತಡ ದೊರೆಯುತ್ತದೆ. ಗಡಿಯಾರದ ಸಣ್ಣ ಅಚ್ಚಿಗೆ ಅಷ್ಟೇ ಧಾರಾಳ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮಷೀನ್ ಟೂಲ್ಸ್ ನಾಡಿಗೆ ಲೇತುಗಳನ್ನು ಒದಗಿಸಿದುವು. ಆದರೆ ಎಲ್ಲ ಲೇತುಗಳ ಬಾಯಿಯೂ ಒಂದೇ ಅಳತೆಯದಲ್ಲ. 5ಸಿಯ ಕಾಂಡ 1¼ ಅಂಗುಲ, ಅಂದರೆ 31.75 ಮಿ.ಮೀ.; ಇಆರ್ 32ರ ತಲೆ ಸುಮಾರು 33 ಮಿ.ಮೀ. ಒಂದರ ಬಾಯಿಗೆ ಮತ್ತೊಂದು ಹೊಂದದು.

ಇನ್ನು ನಮ್ಮ ಪಿನ್ನುಗಳಿಗೆ ಬರೋಣ. 10° ಓರೆಯ ಕಾಲೆಟ್ 1 ಮಿ.ಮೀ. ಒಳಸರಿದರೆ ವ್ಯಾಸ 0.35 ಮಿ.ಮೀ. ಕುಗ್ಗುತ್ತದೆ. ಇದನ್ನೇ ತಿರುಗಿಸಿ ನೋಡಿ: ಸಲಾಕೆಯ ವ್ಯಾಸ 0.05 ಮಿ.ಮೀ. ಕಡಿಮೆಯಿದ್ದರೆ ಕಾಲೆಟ್ 0.14 ಮಿ.ಮೀ. ಹೆಚ್ಚು ಒಳಸರಿಯುತ್ತದೆ, ಸಲಾಕೆಯನ್ನೂ ಎಳೆದೊಯ್ಯುತ್ತದೆ. ವ್ಯಾಸದ ಸಣ್ಣ ತಪ್ಪು ಉದ್ದದಲ್ಲಿ ಸುಮಾರು ಮೂರು ಪಟ್ಟಾಗಿ ಕಾಣಿಸಿಕೊಂಡಿತು! ಉದ್ದ ಬಿಗಿಯಾಗಿರಬೇಕಾದೆಡೆ ಕಾಲೆಟ್ಟನ್ನು ನಿಲ್ಲಿಸಿ, ಅದರ ಮೇಲೆ ಓರೆಯ ತೋಳೊಂದನ್ನು ಸರಿಸಿ ಬಿಗಿಯುವ ಏರ್ಪಾಡು ಇದೆ.

ಕಾಲೆಟ್ಟಿನ ರಂಧ್ರ ಸಲಾಕೆಗೆ ಸಮನಾದಾಗ ಮಾತ್ರ ಪೂರ್ಣ ಮೈ ತಾಗುತ್ತದೆ. ಸಲಾಕೆ ಸಣ್ಣದಾದರೆ ಮೂರು ಸೀಳಿನ 5ಸಿ ಮೂರು ಗೆರೆಗಳಲ್ಲಷ್ಟೇ ಹಿಡಿಯುತ್ತದೆ. ಆದುದರಿಂದ ಅದರಲ್ಲಿ ಒಂದೊಂದು ವ್ಯಾಸಕ್ಕೂ ಒಂದೊಂದು ಕಾಲೆಟ್ ಬೇಕು. ಅನೇಕ ಸೀಳುಗಳ ಇಆರ್ 32 ಸುಮಾರು 1 ಮಿ.ಮೀ.ವರೆಗೆ ಕುಗ್ಗಬಲ್ಲುದು, ಸಣ್ಣ ಅಂಗಡಿಗೆ ನಮಗೆ ಇದೇ ಹಿತವೆನಿಸುತ್ತದೆ. ಯಾವುದೇ ಇರಲಿ, ಓರೆಯ ನಡುವೆ ಲೋಹದ ಚೂರೊಂದು ಸಿಕ್ಕಿದರೂ ಸಲಾಕೆ ನಡು ತಪ್ಪಿ ತಿರುಗುತ್ತದೆ. ನುರಿತ ಕೆಲಸಗಾರನು ಕಾಲೆಟ್ ಇಡುವ ಮುನ್ನ ಬಾಯನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡುವುದು ಇದಕ್ಕಾಗಿಯೇ.